ತಾಯಿಯ ಗರಿ ಮಗನಿಗೆ

ಕೋಳಿಮರಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಗರಿಯಕ್ಕ ಎಂದೇ ಕರೆಯುವುದು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತಾರು ವರ್ಷಗಳಿಂದ ಅದೇ ಬಿಳಿ ಮೇಜು, ಅದೇ ಬಗ್ಗಿಸಿದ ದೀಪ, ಮೂಗಿಗೆ ಅದೇ ಬೆಚ್ಚಗಿನ ಹಸಿ ವಾಸನೆ. ಮೊಟ್ಟೆಯೊಡೆದು ಇನ್ನೂ ಒಂದು ದಿನ ತುಂಬದ ಮರಿಯನ್ನು ಎಡಗೈಯಲ್ಲಿ ಎತ್ತಬೇಕು, ಬಲಗೈ ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಬೇಕು, ಗರಿ ನೋಡಬೇಕು. ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಹಳದಿ ಬುಟ್ಟಿಗೆ. ಎಲ್ಲ ಒಂದೇ ಸಮ ಇದ್ದರೆ ಗಂಡು, ನೀಲಿ ಬುಟ್ಟಿಗೆ. ಗಂಟೆಗೆ ಸಾವಿರ ಮರಿ, ತಪ್ಪಿದರೆ ಐದೋ ಆರೋ. "ಗರಿಯಕ್ಕನಿಗೆ ಕಣ್ಣಿರೋದು ಬೆರಳಲ್ಲಿ ಕಣ್ರಪ್ಪ" ಎಂದು ಸೂಪರ್‌ವೈಸರು ಹೊಸಬರ ಮುಂದೆ ಹೊಗಳಿ, ಆಗತಾನೇ ಒಡೆದ ಇನ್ನೊಂದು ತಟ್ಟೆ ಮರಿಗಳನ್ನು ಅವಳ ಮುಂದೆಯೇ ಇಟ್ಟು ಹೋಗುತ್ತಿದ್ದ.

ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಒಂದು ಸೂತ್ರ ಹೇಳಿಕೊಟ್ಟಿದ್ದ. "ಈ ತಳೀಲಿ ತಾಯಿಯ ಗರಿ ಮಗನಿಗೆ, ತಂದೆಯ ಗರಿ ಮಗಳಿಗೆ. ಇಷ್ಟು ಗೊತ್ತಿದ್ರೆ ಸಾಕಮ್ಮ, ಮಿಕ್ಕಿದ್ದು ಕೈಗೇ ಬರುತ್ತೆ." ಆ ಸೂತ್ರವನ್ನು ಅವಳು ಕೇಂದ್ರದ ಗೇಟಿನೊಳಗೇ ಬಿಟ್ಟು ಬರಲಿಲ್ಲ, ಮನೆಗೂ ತಂದಳು. ಅಂದು ಸಂಜೆ ಒಂದು ವರ್ಷದ ಮಗಳನ್ನು ಎತ್ತಿಕೊಂಡು, ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೆಮ್ಮದಿಯಾಗಿ ಉಸಿರುಬಿಟ್ಟಳು.

ಯಾಕೆಂದರೆ ಅವಳಿಗೊಬ್ಬ ತಮ್ಮನಿದ್ದ. ಒಂಬತ್ತನೆಯ ವಯಸ್ಸಿಗೇ ತೀರಿಹೋದ. ಜ್ವರ ಬಂದು ಹೋದ ಎಂದು ಊರಿಗೆಲ್ಲ ಹೇಳಿದ್ದಾಯಿತು. ಆದರೆ ಮೂರು ದಿನ ದಿಂಬಿನ ಚೀಲ ಒಗೆದವಳು ಹನ್ನೆರಡು ವರ್ಷದ ಈ ಅಕ್ಕ. ಹುಡುಗನ ಬಾಯಿಂದ ರಕ್ತ ಒಸರಿದ್ದು ನಿಲ್ಲಲೇ ಇಲ್ಲ ಎಂಬುದು ಅವಳಿಗೆ ಗೊತ್ತು. ಅಮ್ಮನ ಅಣ್ಣನೊಬ್ಬನೂ ಚಿಕ್ಕಂದಿನಲ್ಲಿ ಹೀಗೇ ಹೋದನಂತೆ ಎಂದು ಯಾರೋ ಪಿಸುಗುಟ್ಟಿದ್ದೂ ಕಿವಿಗೆ ಬಿದ್ದಿತ್ತು. "ಯಾರ ಹತ್ರನಾದ್ರೂ ಬಾಯಿಬಿಟ್ಟೆಯೋ, ನಿನಗೆ ಮದುವೆ ಆದ ಹಾಗೇ!" ಎಂದು ಅಮ್ಮ ಅವಳ ಬಾಯಿಗೆ ಬೀಗ ಜಡಿದಿದ್ದಳು. ಮದುವೆಯೇನೋ ಆಯಿತು, ಮಗಳೂ ಹುಟ್ಟಿದಳು, ಭಯ ಮಾತ್ರ ಹೋಗಲಿಲ್ಲ. ಮೇಸ್ತ್ರಿಯ ಸೂತ್ರ ಆ ಭಯವನ್ನು ಒರೆಸಿಹಾಕಿತು. ಅಮ್ಮನ ಪೀಡೆ ತಮ್ಮನಿಗೆ ಹೋಯಿತು. ನನಗೆ ಬಂದದ್ದು ಅಪ್ಪನದು, ನನ್ನ ಮಗಳಿಗೆ ಅವಳಪ್ಪನದು. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಆ ಮಗಳಿಗೆ ಈಗ ಇಪ್ಪತ್ತೇಳು, ಐದು ತಿಂಗಳ ಬಸುರಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಅಳಿಯ ಬಡಗಿ. ಇಬ್ಬರೂ ಮಹಡಿಯ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಕೆಳಗೆ ಗರಿಯಕ್ಕ, ಬೀಗ ರಿಪೇರಿ ಮಾಡುವ ಅವಳ ಗಂಡ, ಮತ್ತು ಈಗ ಎಲ್ಲರೂ ಅಜ್ಜಿ ಎನ್ನುವ ಅವಳ ಎಪ್ಪತ್ತಾರರ ಅಮ್ಮ. ಅಡುಗೆ ಮಾತ್ರ ಒಂದೇ ಒಲೆಯಲ್ಲಿ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗಳು ತೋಳು ಚಾಚಿ ತೋರಿಸಿದಳು. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ರಕ್ತ ತೆಗೆದ ಜಾಗ ಅಂಗೈಯಗಲ ನೀಲಿಗಟ್ಟಿತ್ತು.

"ಅಯ್ಯಯ್ಯೋ! ಸೂಜಿ ಚುಚ್ಚಿದ್ರೋ ಸುತ್ತಿಗೇಲಿ ಹೊಡೆದ್ರೋ?" ಎಂದ ಅಪ್ಪ.

"ನರ್ಸ್ ಕೂಡ ಗಾಬರಿಯಾದ್ರು. ಈ ಫಾರಂ ತುಂಬಿಸ್ಕೊಂಡು ಬಾ ಅಂದ್ರು." ಮಗಳು ತಟ್ಟೆಯ ಪಕ್ಕ ಕಾಗದ ಹರಡಿದಳು. "ಸಕ್ಕರೆ ಕಾಯಿಲೆ, ಅಪ್ಪಂಗಿದೆ. ಬಿ.ಪಿ., ಅಜ್ಜಿಗಿದೆ. ಆಮೇಲೆ, ನಮ್ಮ ಮನೇಲಿ ಯಾರಿಗಾದ್ರೂ ರಕ್ತ ನಿಲ್ಲದ ಕಾಯಿಲೆ ಇತ್ತಾ?"

ಗರಿಯಕ್ಕನ ಕೈಯಲ್ಲಿದ್ದ ಸೌಟು ಬೇಳೆಯ ಪಾತ್ರೆಯೊಳಗೆ ಜಾರಿತು.

"ಇಲ್ಲ" ಎಂದಳು ಅಜ್ಜಿ, ತಲೆ ಎತ್ತದೆ. "ನಮ್ಮನೇಲಿ ಅಂಥದ್ದೆಲ್ಲ ಇಲ್ಲ. ಮೊಟ್ಟೆ ತಿನ್ನು, ವಾಸಿಯಾಗುತ್ತೆ."

"ಮಾಮ ಒಬ್ರು ಚಿಕ್ಕಂದಿನಲ್ಲೇ ಹೋದ್ರಲ್ಲ?"

"ಜ್ವರ" ಎಂದಳು ಅಜ್ಜಿ.

ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಸೌಟನ್ನು ಹುಡುಕುತ್ತಿದ್ದಳು. ಮಗಳು 'ಇಲ್ಲ' ಎಂದು ಬರೆದು ಕಾಗದ ಮಡಿಚಿದಳು. ಗರಿಯಕ್ಕ ಸೌಟನ್ನು ಮೇಲೆತ್ತಿ ಒರೆಸಿದಳು. ತಂದೆಯ ಗರಿ ಮಗಳಿಗೆ, ತಂದೆಯ ಗರಿ ಮಗಳಿಗೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಅನ್ನ ಬಡಿಸಿದಳು.

ಆ ನೀಲಿ ಒಂದು ವಾರವಾದರೂ ಹೋಗಲಿಲ್ಲ. ಮಗಳು ಚಿಕ್ಕವಳಿದ್ದಾಗಲೂ ಹೀಗೇ, ಮೇಜಿನ ಮೂಲೆ ತಗುಲಿದರೂ ನೀಲಿ, ಯಾರಾದರೂ ಗಟ್ಟಿಯಾಗಿ ಕೈ ಹಿಡಿದರೂ ನೀಲಿ. ಬಣ್ಣ ಬೆಳ್ಳಗಿದೆ, ಎದ್ದು ಕಾಣುತ್ತೆ ಎಂದು ಸಮಾಧಾನ ಮಾಡಿಕೊಂಡದ್ದಾಗಿತ್ತು. ಈಗ ಆ ಸಮಾಧಾನ ಸಾಲದಾಯಿತು. ಕೊನೆಗೆ ಒಂದು ಬೆಳಿಗ್ಗೆ ಮರಿಗಳಿಗೆ ಲಸಿಕೆ ಹಾಕಲು ಬಂದ ಪಶುವೈದ್ಯನನ್ನು ಕೈಕೆಲಸ ಬಿಡದೆಯೇ ಕೇಳಿದಳು.

"ಡಾಕ್ಟ್ರೇ, ತಾಯಿಯ ಗರಿ ಮಗನಿಗೆ, ತಂದೆಯ ಗರಿ ಮಗಳಿಗೆ, ಅಲ್ವಾ?"

"ನೀವು ನನ್ನನ್ನೇ ಪರೀಕ್ಷೆ ಮಾಡ್ತಿದ್ದೀರಾ ಗರಿಯಕ್ಕ? ಹೌದು, ಈ ತಳೀಲಿ ಹಾಗೇ."

"ಮನುಷ್ಯರಲ್ಲೂ ಹಾಗೇ ತಾನೇ?"

ವೈದ್ಯ ನಕ್ಕುಬಿಟ್ಟ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಕೇಳಿದರೆ ಸಾಕು, ಪಾಠ ಶುರುಮಾಡುವ ಚಪಲ ಬೇರೆ. "ಅಯ್ಯೋ ಇಲ್ಲಕ್ಕ, ಮನುಷ್ಯರದ್ದು ಉಲ್ಟಾ! ಹಕ್ಕಿಗಳ ದಾರೀನೇ ಬೇರೆ, ನಮ್ಮ ದಾರೀನೇ ಬೇರೆ. ಕವಲೊಡೆದು ಮೂವತ್ತು ಕೋಟಿ ವರ್ಷ ಆಯ್ತು." ಅವನು ಎರಡು ಖಾಲಿ ಮೊಟ್ಟೆತಟ್ಟೆ ಎಳೆದುಕೊಂಡ. ಒಂದು ದೊಡ್ಡದು, ಒಂದು ಚಿಕ್ಕದು. "ವಂಶದ ಗುಣ ಹೊರೋ ಇಂಥ ಎರಡು ತಟ್ಟೆ ಹೇಂಟೆ ಮೈಯೊಳಗಿದೆ, ಒಂದು ದೊಡ್ಡದು, ಒಂದು ಚಿಕ್ಕದು ಅನ್ಕೊಳ್ಳಿ. ಗರಿಯ ವಿಷಯ ಬರೆದಿರೋದು ದೊಡ್ಡದ್ರಲ್ಲಿ. ಮಗಳಿಗೆ ತಾಯಿ ಕೊಡೋದು ಚಿಕ್ಕದು, ಅದಕ್ಕೇ ಮಗಳಿಗೆ ತಾಯಿಯ ಗರಿ ಇಲ್ಲ. ನಮ್ಮಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇರೋದು ಗಂಡಸರಿಗೆ. ಹೆಂಗಸರಿಗೆ ಎರಡೂ ದೊಡ್ಡದು. ಅದ್ರಲ್ಲಿ ಒಂದನ್ನ ಮಗನಿಗೂ ಕೊಡ್ತಾರೆ, ಮಗಳಿಗೂ ಕೊಡ್ತಾರೆ."

"ಅದ್ರಲ್ಲಿ ಕೆಟ್ಟದ್ದೇನಾದ್ರೂ ಇದ್ರೆ?"

"ಮಗನಿಗೆ ಬಂದ್ರೆ ಕಾಯಿಲೆ ಬರುತ್ತೆ. ಮಗಳಿಗೆ ಅಪ್ಪನದೂ ಒಂದು ಇರುತ್ತಲ್ಲ, ಅದು ಬಹುಮಟ್ಟಿಗೆ ಕಾಪಾಡುತ್ತೆ, ಮೇಲೆ ಅಷ್ಟಾಗಿ ಗೊತ್ತಾಗಲ್ಲ. ಆದ್ರೆ ಅವಳ ಮಗನಿಗೆ ಹೋಗಬಹುದು. ಯಾಕಕ್ಕ?"

"ಸುಮ್ನೆ ಕೇಳ್ದೆ" ಎಂದಳು ಗರಿಯಕ್ಕ.

ಆ ದಿನ ಅವಳ ಹಳದಿ ಬುಟ್ಟಿಯಲ್ಲಿ ಅರವತ್ತು ಹುಂಜದ ಮರಿ ಸಿಕ್ಕವು. ಸೂಪರ್‌ವೈಸರು ಬುಟ್ಟಿಯನ್ನೇ ನೋಡುತ್ತಾ ನಿಂತ. "ಏನ್ ಗರಿಯಕ್ಕ, ಮೈಯಲ್ಲಿ ಹುಷಾರಿಲ್ವಾ?" ಎಂದ. ಬೈದಿದ್ದರೂ ಅವಳಿಗೆ ಇಷ್ಟು ಅಳು ಬರುತ್ತಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಗರಿಯಕ್ಕ ಚಪ್ಪಲಿಯನ್ನೂ ಬಿಡದೆ ಎದುರು ಕೂತಳು.

"ಅಮ್ಮ, ಮಗಳಿಗೆ ಹೇಳಿಬಿಡ್ತೀನಿ."

"ಏನನ್ನ?"

"ಏನು ಅಂತ ನಿನಗೆ ಗೊತ್ತು. ತಮ್ಮನದ್ದು."

ಅಜ್ಜಿಯ ಹೆಬ್ಬೆರಳು ಸಿಪ್ಪೆಯೊಳಗೇ ನಿಂತಿತು. "ತಲೆ ಕೆಟ್ಟಿದೆಯಾ ನಿನಗೆ? ಹೊಟ್ಟೇಲಿ ಕೂಸು ಇಟ್ಕೊಂಡಿದಾಳೆ. ಅವಳ ಕಿವೀಲಿ ಇಂಥ ಮಾತು ಹಾಕ್ತೀಯಾ?"

"ಹೆರಿಗೆ ಟೈಮಲ್ಲಿ ರಕ್ತ ನಿಲ್ಲದೆ ಹೋದ್ರೆ? ಗಂಡುಮಗು ಆದ್ರೆ? ಡಾಕ್ಟರಿಗೆ ಗೊತ್ತಿರ್ಬೇಕಲ್ವಾ?"

"ಅಳಿಯನ ಮನೆಯವರಿಗೂ ಗೊತ್ತಾಗ್ಲಿ, ಅಲ್ವಾ? ಆಮೇಲೆ ಮಗುವಿಗೆ ಒಂದು ನೆಗಡಿ ಬಂದ್ರೂ ಇವಳ ರಕ್ತವೇ ಕೆಟ್ಟದ್ದು ಅಂತಾರೆ. ನನ್ನ ಅತ್ತೆಮನೆಯವರು ನನಗಂದಿದ್ದು ಸಾಲದಾ?" ಅಜ್ಜಿ ಬಟಾಣಿಯ ತಟ್ಟೆಯನ್ನು ಆಚೆ ತಳ್ಳಿದಳು. "ನೀನು ಬಾಯಿಬಿಟ್ರೆ ನಾನು ಈ ಮನೇಲಿ ಒಂದು ತುತ್ತು ಮುಟ್ಟಲ್ಲ. ನೋಡ್ಕೋ."

ಹೀಗೆ ಹೆದರಿಸುವ ಅಮ್ಮಂದಿರನ್ನು ಏನು ಮಾಡುವುದು, ನೀವೇ ಹೇಳಿ. ಗರಿಯಕ್ಕ ಸೋತಳು. ಇವತ್ತು ಬೇಡ, ನಾಳೆ ಹೇಳೋಣ ಎಂದು ಐದು ವಾರ ತಳ್ಳಿದಳು. ಅಷ್ಟರಲ್ಲಿ ಅಳಿಯ ಮರದ ಹೊಟ್ಟು ಹಾರುವ ಹಿತ್ತಿಲಲ್ಲಿ ತೊಟ್ಟಿಲು ಮಾಡಿ ಮುಗಿಸಿದ. ಅದರ ಅಂಚನ್ನು ಮೂರು ಸಲ ಉಜ್ಜಿ, "ಅತ್ತೆ, ಕೈ ಸವರಿ ನೋಡಿ, ಎಲ್ಲಾದ್ರೂ ಚುಚ್ಚುತ್ತಾ?" ಎಂದು ಕೇಳಿದ. ಗರಿಯಕ್ಕ ಸವರಿದಳು. ಎಲ್ಲಿಯೂ ಚುಚ್ಚಲಿಲ್ಲ. ಅವಳು ಒಳಗೆ ಹೋಗಿ ಬಚ್ಚಲಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

"ಏನೇ, ಇತ್ತೀಚೆಗೆ ತಿನ್ನೋದೇ ಇಲ್ಲ ನೀನು" ಎಂದ ಗಂಡ ಒಂದು ದಿನ. "ಮಗಳು ಬಸುರಿ, ವಾಂತಿ ನಿನಗಾ?"

"ನಿಮಗೆ ಎಲ್ಲಾ ತಮಾಷೆ" ಎಂದಳು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೆಚ್ಚಿಗೆ ಕೆದಕದೆ ಅಂಗಡಿಗೆ ಹೋದ.

ಆಮೇಲೆ ಹಲ್ಲು ನೋವು ಶುರುವಾಯಿತು. ಮಗಳ ಕೊನೆಯ ದವಡೆಹಲ್ಲು ಕೀವುಗಟ್ಟಿ, ಕೆನ್ನೆ ಊದಿ, ಬಾಯಿ ತೆರೆಯಲಾಗದಂತಾಯಿತು. ದಂತವೈದ್ಯರು ನೋಡಿ, ಬಸುರಿಗೆ ಕೀವು ಒಳ್ಳೆಯದಲ್ಲ, ಗುರುವಾರ ಹತ್ತು ಗಂಟೆಗೆ ಬನ್ನಿ, ಕಿತ್ತುಬಿಡೋಣ ಎಂದರು.

ಆ ಮನೆಯಲ್ಲಿ ಹಲ್ಲಿನ ವಿಷಯಕ್ಕೆ ಒಂದು ಕಟ್ಟಳೆ ಇತ್ತು. ಹಾಲುಹಲ್ಲು ಅಲ್ಲಾಡಿದರೆ ಯಾರೂ ಕೈಹಾಕುವಂತಿಲ್ಲ, ತಾನಾಗಿಯೇ ಬೀಳಬೇಕು. ಅದು ಅಜ್ಜಿ ಮಾಡಿದ ಕಟ್ಟಳೆ. ಮಗಳಿಗೆ ಆರು ತುಂಬಿ ಮೊದಲ ಹಲ್ಲು ಅಲ್ಲಾಡಿದಾಗ ಅಜ್ಜಿ ಹೊಲಿಗೆ ದಾರದ ಉಂಡೆಗಳನ್ನೆಲ್ಲ ಎತ್ತಿ ಬೀರುವಿನ ಮೇಲಿಟ್ಟಿದ್ದಳು. ಅಜ್ಜಿಯ ಹುಚ್ಚು ಎಂದು ಎಲ್ಲರೂ ನಕ್ಕಿದ್ದರು. ಈಗ ಕೀಳಿಸುವ ಸುದ್ದಿ ಕೇಳಿ ಅಜ್ಜಿ ಎದ್ದು ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಬುಧವಾರ ಊಟದ ಹೊತ್ತಿಗೆ ಗರಿಯಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮಗಳಿಗೆ ಗಂಜಿ ಬಸಿದುಕೊಡುತ್ತಾ ಒಂದೇ ಉಸಿರಿಗೆ ಹೇಳಿಬಿಟ್ಟಳು. ದಿಂಬಿನ ಚೀಲ, ಮೂರು ದಿನ, ಅಮ್ಮನ ಅಣ್ಣ, ಪಶುವೈದ್ಯನ ಮೊಟ್ಟೆತಟ್ಟೆ, ಎಲ್ಲಾ.

ಮಗಳು ಲೋಟ ಕೆಳಗಿಟ್ಟಳು. "ಎಷ್ಟು ದಿನದಿಂದ ಗೊತ್ತು ನಿನಗೆ?"

"ತಮ್ಮನದ್ದು ಗೊತ್ತಿತ್ತು. ಆದ್ರೆ ನಿನಗೆ ಬರಲ್ಲ ಅನ್ಕೊಂಡಿದ್ದೆ ಕಣೇ. ಕೋಳಿ..."

"ಕೋಳಿ!" ಮಗಳು ಊದಿದ ಕೆನ್ನೆ ಹಿಡಿದುಕೊಂಡೇ ಕೂಗಿದಳು. "ನಾನೇನು ನಿನ್ನ ಬುಟ್ಟಿಯ ಮರಿಯೇನಮ್ಮ? ನಿನ್ನ ಕಣ್ಣೆದುರಿಗೇ 'ಇಲ್ಲ' ಅಂತ ಬರೆದೆ. ನೋಡ್ಕೊಂಡು ಕೂತಿದ್ದೆಯಲ್ಲ!"

"ತಪ್ಪಾಯ್ತು."

"ಅಜ್ಜಿ, ನೀನು ಹೇಳು. ಹೌದಾ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದಳು. "ಜ್ವರ" ಎಂದಳು. "ಅವಳಿಗಾಗ ಹನ್ನೆರಡು ವರ್ಷ, ಏನು ನೆನಪಿರುತ್ತೆ? ಜ್ವರಕ್ಕೆ ಮೂಗಲ್ಲಿ ರಕ್ತ ಬಂದಿತ್ತು, ಅಷ್ಟೇ."

"ಅಮ್ಮ!" ಎಂದಳು ಗರಿಯಕ್ಕ. "ನನ್ನ ಕೈಯಾರೆ ಒಗೆದಿದ್ದೀನಿ. ಮೂಗಿನ ರಕ್ತವಾ ಅದು?"

"ಹೆತ್ತವಳಿಗಿಂತ ಹೆಚ್ಚು ಗೊತ್ತಾ ನಿನಗೆ?"

ಅಳಿಯ ಮಧ್ಯೆ ಬಾಯಿ ಹಾಕಿದ. "ಅತ್ತೆ, ನೀವು ಹೆದರಿಕೊಂಡಿದ್ದೀರಿ. ಇವಳು ಮೂರು ದಿನದಿಂದ ನಿದ್ದೆ ಮಾಡಿಲ್ಲ. ಆ ಹಲ್ಲು ಇಟ್ಕೊಂಡು ಎಷ್ಟು ದಿನ ಕಾಯೋದು?"

"ಒಂದು ರಕ್ತ ಪರೀಕ್ಷೆ ಆಗೋವರೆಗೆ ಕಾಯಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡಮ್ಮ" ಎಂದಳು ಮಗಳು. ಕಣ್ಣಲ್ಲಿ ನೀರು ತುಂಬಿತ್ತು, ನೋವಿಗೋ ಸಿಟ್ಟಿಗೋ ಹೇಳುವುದು ಕಷ್ಟ. "ನೀನು ಹೌದು ಅಂತೀಯ, ಅಜ್ಜಿ ಇಲ್ಲ ಅಂತಾಳೆ. ನಂಬೋದಾದ್ರೂ ಯಾರನ್ನ? ನಾಳೆ ಕೀಳಿಸ್ತೀನಿ. ಈ ನೋವು ತಡೆಯಕ್ಕಾಗ್ತಿಲ್ಲ." ಅವಳು ಮೆಟ್ಟಿಲು ಹತ್ತಿ ಹೋದಳು. ಗಂಜಿ ಹಾಗೇ ತಣ್ಣಗಾಯಿತು.

ಗುರುವಾರ ಬೆಳಿಗ್ಗೆ ಗರಿಯಕ್ಕ ಕೆಲಸಕ್ಕೆ ಹೋಗಲಿಲ್ಲ. ಗಂಡನೂ ಅಂಗಡಿ ತೆರೆಯಲಿಲ್ಲ. ಕಟ್ಟಿದ್ದ ಬೀಗದ ಕೈಗಳ ಗೊಂಚಲನ್ನು ಒಂದೊಂದೇ ಬಿಚ್ಚಿ ಮತ್ತೆ ಕಟ್ಟುತ್ತಾ ಕುರ್ಚಿಯಲ್ಲಿ ಕೂತಿದ್ದ. ಅವನ ಬಾಯಲ್ಲಿ ಒಂದು ತಮಾಷೆಯೂ ಬರಲಿಲ್ಲ. ಒಂಬತ್ತೂವರೆಗೆ ಮಗಳು ಮತ್ತು ಅಳಿಯ ಕೆಳಗಿಳಿದು ಬಂದರು. ಗರಿಯಕ್ಕ ಎದ್ದು ನಿಂತಳು. ಏನು ಹೇಳಿದರೆ ಮಗಳು ನಿಲ್ಲುತ್ತಾಳೆ ಎಂದು ರಾತ್ರಿಯೆಲ್ಲ ಯೋಚಿಸಿದ್ದಳು.

ಬಾಗಿಲಿಗೆ ಅಡ್ಡ ಅಜ್ಜಿ ನಿಂತಿದ್ದಳು. ಚಿಲಕವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ದಾರಿ ಬಿಡು ಅಜ್ಜಿ, ಹೊತ್ತಾಯ್ತು."

"ಹೋಗಬೇಡ."

"ನೀನೇ ಅಂದೆಯಲ್ಲ, ಜ್ವರ ಅಂತ."

"ಜ್ವರ ಅಲ್ಲ." ಅಜ್ಜಿಯ ದನಿ ಎಷ್ಟು ಸಣ್ಣದಿತ್ತೆಂದರೆ ಅಳಿಯ ಒಂದು ಹೆಜ್ಜೆ ಹತ್ತಿರ ಬಂದ. "ಹಲ್ಲು. ದವಡೆಯ ಹಾಲುಹಲ್ಲು. ಅಲ್ಲಾಡ್ತಿತ್ತು, ಅಗಿಯಕ್ಕಾಗಲ್ಲ ಅಂತ ಎರಡು ದಿನ ಅತ್ತ. ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದೀನ ಹೀಗೇ ಚಿಲಕಕ್ಕೆ ಸಿಕ್ಕಿಸಿ ಬಾಗಿಲು ತಳ್ಳಿದೆ. ನಾನೇ ಕಿತ್ತೆ." ಅವಳ ಕೈ ಚಿಲಕವನ್ನು ಬಿಡಲಿಲ್ಲ. "ಕಿತ್ತಾಗ ನಕ್ಕ. ಹಲ್ಲು ಹಿಡ್ಕೊಂಡು ಕುಣಿದ. ಸಂಜೆಗೆ ನಿಲ್ಲುತ್ತೆ ಅಂದೆ. ನಾಳೆಗೆ ನಿಲ್ಲುತ್ತೆ ಅಂದೆ."

ಮೂರು ದಿನ ದಿಂಬಿನ ಚೀಲ ಒಗೆದವಳಿಗೂ ಇದು ಗೊತ್ತಿರಲಿಲ್ಲ. ಆಟದ ನಡುವೆ ಹಲ್ಲು ತಾನಾಗಿ ಬಿದ್ದಿತು ಎಂದೇ ನಲವತ್ತೊಂದು ವರ್ಷ ತಿಳಿದಿದ್ದಳು.

"ನನಗೇನು ಗೊತ್ತಿತ್ತೇ?" ಅಜ್ಜಿ ಈಗ ಮೊಮ್ಮಗಳ ಜೊತೆ ಮಾತಾಡುತ್ತಿರಲಿಲ್ಲ, ಗರಿಯಕ್ಕನ ಕಡೆ ತಿರುಗಿದ್ದಳು. "ನಮ್ಮಣ್ಣ ಹೇಗೆ ಹೋದ ಅಂತ ನಮ್ಮಮ್ಮ ನನಗೆ ಹೇಳಿದ್ಲಾ? ಹೇಳಿದ್ರೆ ನಾನು ದಾರ ಮುಟ್ತಿದ್ನಾ?"

ಮೊದಲು ಚಲಿಸಿದವಳು ಮಗಳು. ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಚಿಲಕದಿಂದ ಬಿಡಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. "ರೀ, ದಂತವೈದ್ಯರಿಗೆ ಫೋನ್ ಮಾಡಿ" ಎಂದಳು ಗಂಡನಿಗೆ. "ಇವತ್ತು ಬರಲ್ಲ ಅನ್ನಿ. ಯಾಕೆ ಅಂತಲೂ ಹೇಳಿ."

ದೊಡ್ಡಾಸ್ಪತ್ರೆಗೆ ಹೋದರು. ಕೀವಿಗೆ ಮಾತ್ರೆ ಕೊಟ್ಟರು, ರಕ್ತ ತೆಗೆದರು. ಈ ಸಲ ಚುಚ್ಚಿದ ಜಾಗವನ್ನು ಅಳಿಯ ಹೆಬ್ಬೆರಳಿನಿಂದ ಅರ್ಧ ಗಂಟೆ ಒತ್ತಿಹಿಡಿದ. ಫಲಿತಾಂಶಕ್ಕೆ ಎರಡು ವಾರ. ಆ ಎರಡು ವಾರ ಆ ಮನೆ ಹೇಗಿತ್ತೆಂದರೆ, ಅಡುಗೆಮನೆಯಲ್ಲಿ ಚಾಕು ಬಿದ್ದ ಸದ್ದಾದರೆ ಮೂರು ಕೋಣೆಯಿಂದ ಮೂರು ಜನ ಓಡಿ ಬರುತ್ತಿದ್ದರು. ಮಗಳು ಅಮ್ಮನ ಜೊತೆ ಮಾತಾಡುತ್ತಿದ್ದಳು, ಆದರೆ ಉಪ್ಪು ಬೇಕಾದಾಗ, ಟವೆಲ್ ಬೇಕಾದಾಗ ಮಾತ್ರ. ಅಜ್ಜಿ ಮಾತಿನಂತೆ ಉಪವಾಸ ಕೂರಲಿಲ್ಲ. ಬಡಿಸಿದ್ದನ್ನು ಮರುಮಾತಿಲ್ಲದೆ ತಿಂದಳು, ಅದಕ್ಕೇ ಎಲ್ಲರಿಗೂ ಭಯವಾಯಿತು.

ಫಲಿತಾಂಶದ ದಿನ ಐವರೂ ಹೋದರು. ರಕ್ತದ ಡಾಕ್ಟರ್ ನಡುವಯಸ್ಸಿನ ಹೆಂಗಸು, ಮಾತಿಗೆ ಆತುರವಿಲ್ಲ.

"ಹಿಮೋಫಿಲಿಯಾ. ನಿಮ್ಮಲ್ಲಿ ಇದೆಯಮ್ಮ" ಎಂದರು ಮಗಳಿಗೆ. "ರಕ್ತ ಹೆಪ್ಪುಗಟ್ಟಿಸೋ ಅಂಶ ನಿಮಗೇ ಕಡಿಮೆ ಇದೆ. ತಯಾರಿ ಇಲ್ಲದೆ ಆ ಹಲ್ಲು ಕಿತ್ತಿದ್ರೆ ಕಷ್ಟ ಆಗ್ತಿತ್ತು. ಈಗ ಮೊದಲು ಔಷಧಿ ಕೊಟ್ಟು, ಇಲ್ಲೇ ಕೀಳೋಣ."

"ಮಗುಗೆ?" ಎಂದ ಅಳಿಯ.

"ಗಂಡಾದ್ರೆ ಅರ್ಧಕ್ಕರ್ಧ. ಬರಬಹುದು, ಬರದೇನೂ ಇರಬಹುದು. ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ರಕ್ತ ನೋಡ್ತೀವಿ. ಇಕ್ಕಳ ಹಾಕಿ ಎಳೆಯೋದಿಲ್ಲ, ಔಷಧಿ ಕೈಗೆ ಸಿಗೋ ಹಾಗೆ ಇರುತ್ತೆ. ಈಗ ಚಿಕಿತ್ಸೆ ಇದೆ. ಇಂಥ ಮಕ್ಕಳು ಶಾಲೆಗೆ ಹೋಗ್ತಾರೆ, ಮುದುಕರೂ ಆಗ್ತಾರೆ. ಮೊದಲೇ ಗೊತ್ತಿರ್ಬೇಕು, ಅಷ್ಟೇ."

ಅರ್ಧಕ್ಕರ್ಧ ಎಂಬುದು ಗರಿಯಕ್ಕನಿಗೆ ಹೊಸದಲ್ಲ. ದಿನಕ್ಕೆ ಎಂಟು ಸಾವಿರ ಸಲ ಅರ್ಧ ಹಳದಿಗೆ, ಅರ್ಧ ನೀಲಿಗೆ ಹಾಕುವವಳು. ಆದರೂ ಅಂದು ಅವಳ ಹೆಬ್ಬೆರಳು ಮಡಿಲಲ್ಲಿ ಇಲ್ಲದ ರೆಕ್ಕೆಯೊಂದನ್ನು ಬಿಡಿಸುತ್ತಲೇ ಇತ್ತು. ಮಗಳು ಅದನ್ನು ನೋಡಿದಳು. ಆ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಮಗು ಒದೆಯುತ್ತಿತ್ತು.

"ಅಂದ್ರೆ ಡಾಕ್ಟ್ರಮ್ಮ" ಎಂದಳು ಅಜ್ಜಿ, ಸೀರೆಯ ಸೆರಗನ್ನು ಹಿಂಡುತ್ತಾ, "ನಾನು ಕೀಳದೆ ಇದ್ದಿದ್ರೆ ಉಳೀತಿದ್ನಾ?"

ಡಾಕ್ಟರ್ ಅಜ್ಜಿಯ ಕಡೆ ತಿರುಗಿ ಕೂತರು. "ಅದನ್ನ ಹೇಳಕ್ಕಾಗಲ್ಲಜ್ಜಿ. ಹಲ್ಲಲ್ಲದಿದ್ರೆ ಇನ್ನೊಂದು ಗಾಯ ಆಗಬಹುದಿತ್ತು. ಆಗಿನ್ನೂ ಔಷಧಿ ಎಲ್ಲ ಕಡೆ ಸಿಗ್ತಿರಲಿಲ್ಲ."

ಅಜ್ಜಿ ತಲೆಯಾಡಿಸಿದಳು. ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರ್ ಒಂದು ಹೊಸ ಫಾರಂ ಮಗಳ ಮುಂದೆ ಸರಿಸಿದರು. ಕುಟುಂಬದಲ್ಲಿ ಈ ಕಾಯಿಲೆ ಯಾರಿಗಿತ್ತು, ಸಂಬಂಧ, ವಯಸ್ಸು, ಹೆಸರು. ಮಗಳು 'ತಾಯಿಯ ತಮ್ಮ' ಎಂದು ಬರೆದಳು, 'ಒಂಬತ್ತು ವರ್ಷ' ಎಂದು ಬರೆದಳು. ಪೆನ್ನು ಅಲ್ಲಿಗೆ ನಿಂತಿತು.

"ಮಾಮನ ಹೆಸರೇನಮ್ಮ?"

ಗರಿಯಕ್ಕ ಬಾಯಿ ತೆರೆದಳು. ನಲವತ್ತೊಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಹೆಸರು. 'ಅವನು', 'ತಮ್ಮ', 'ಆ ಮಗು' ಇಷ್ಟರಲ್ಲೇ ಕಾಲ ಕಳೆದಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದು ಹೊರಡಲಿಲ್ಲ.

"ನಾನು ಹೇಳ್ತೀನಿ" ಎಂದಳು ಅಜ್ಜಿ.

ಹೇಳಿದಳು. ಮೆಲ್ಲಗಲ್ಲ, ಬೀದಿಯಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ. ಬಾಗಿಲಾಚೆ ಕಾಯುತ್ತಿದ್ದವರು ಯಾರೋ ತಮ್ಮ ಸರದಿ ಬಂತೇ ಎಂದು ಇಣುಕಿ ನೋಡಿದರು. ಮಗಳು ಹೆಸರನ್ನು ಬರೆದುಕೊಂಡಳು.